ಆಪರೇಷನ್ ಗೆದ್ದಿತು, ಬದುಕು?

ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಮಸರಕಲ್ ಕಡೆ ಜೋಳದ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡರೆ ಮೊದಲು ನೀರು ಕುಡಿದು ಇಳಿಸುತ್ತಾರೆ. ಆಮೇಲೆ ರೊಟ್ಟಿ ಬಿಟ್ಟು ಅನ್ನ, ಅನ್ನ ಬಿಟ್ಟು ಗಂಜಿ. ಗಂಜಿಯೂ ಇಳಿಯದಾದಾಗ ಆಸ್ಪತ್ರೆ. ಅನ್ನನಾಳದ ಕ್ಯಾನ್ಸರ್ ತಡವಾಗಿ ಗೊತ್ತಾಗುವುದು ಹೀಗೆ. ಆಪರೇಷನ್ ಮಾಡುವ ಹಂತ ಇನ್ನೂ ಮೀರಿರದಿದ್ದರೆ ಸುಮಾರು 400 ಕಿ.ಮೀ. ದೂರದ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾಗಬಹುದು. ರೋಗಿ ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಬಂದರೆ ‘ಆಪರೇಷನ್ ಸಕ್ಸಸ್’ ಎನ್ನುತ್ತೇವೆ. ಈ ಅಳತೆಗೋಲು ಸಾಲದು ಎಂಬುದೇ ನನ್ನ ತಕರಾರು.

ಈ ಆಪರೇಷನ್ ಬೆಳೆದು ಬಂದ ದಾರಿ ನೋಡಿ. 1913ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಫ್ರಾಂಜ್ ಟೋರೆಕ್ ಒಬ್ಬ ಮಹಿಳೆಯ ಎದೆಯೊಳಗಿನ ಅನ್ನನಾಳವನ್ನು ಮೊದಲ ಬಾರಿಗೆ ಯಶಸ್ವಿಯಾಗಿ ತೆಗೆದರು. ಒಳಗೆ ಏನನ್ನೂ ಜೋಡಿಸಲಿಲ್ಲ. ಮೈಹೊರಗಿನ ರಬ್ಬರ್ ಕೊಳವೆಯಿಂದ ಊಟ ಹೊಟ್ಟೆ ಸೇರುತ್ತಿತ್ತು. ಆ ಮಹಿಳೆ ಮುಂದೆ 13 ವರ್ಷ ಬದುಕಿದರು. 1946ರಲ್ಲಿ ಬ್ರಿಟನ್ನಿನ ಐವರ್ ಲೂಯಿಸ್ ಹೊಟ್ಟೆಯ ಚೀಲವನ್ನೇ ಎದೆಗೆ ಎಳೆದು ಅನ್ನನಾಳಕ್ಕೆ ಜೋಡಿಸುವ ವಿಧಾನ ವಿವರಿಸಿದರು. ಬಾಯಿಂದ ಉಣ್ಣುವ ಸುಖ ಮರಳಿತು, ಆದರೆ ಆ ಜೋಡಣೆಯೇ ಆಪರೇಷನ್ನಿನ ದುರ್ಬಲ ಜಾಗವಾಯಿತು.

ಜೋಡಣೆ ಸೋರಿದರೆ ಎದೆಯಲ್ಲಿ ಕೀವು ತುಂಬುತ್ತದೆ. ನೋವಿಗೆ ಕೆಮ್ಮಲಾರದವರಿಗೆ ನ್ಯುಮೋನಿಯಾ ಹಿಡಿಯುತ್ತದೆ. ಇವು ಆಸ್ಪತ್ರೆಯಲ್ಲೇ ಮುಗಿಯುವ ಕಷ್ಟಗಳಲ್ಲ. ಯುರೋಪಿನ 30 ಆಸ್ಪತ್ರೆಗಳ ಸುಮಾರು 2,900 ರೋಗಿಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ತೀವ್ರ ಸೋರಿಕೆ ಆದವರ ಮಧ್ಯಮ ಆಯುಷ್ಯ ಸುಮಾರು 36 ತಿಂಗಳು, ಆಗದವರದು ಸುಮಾರು 55. ದೀರ್ಘ ಸೋಂಕು ಮೈಯ ರಕ್ಷಣಾಬಲವನ್ನು ಕುಗ್ಗಿಸಿ, ಉಳಿದ ಕ್ಯಾನ್ಸರ್ ಕೋಶಗಳಿಗೆ ದಾರಿ ಮಾಡಿಕೊಡಬಹುದು. ಮುಂದಿನ ಚಿಕಿತ್ಸೆಯೂ ತಪ್ಪಬಹುದು.

ಮೊದಲೇ ಸೊರಗಿದ್ದವರಿಗೇ ಸೋರಿಕೆ ಆಗುತ್ತದೆ, ಆಯುಷ್ಯ ಕಡಿಮೆಯಾದದ್ದಕ್ಕೆ ಸೋರಿಕೆ ಕಾರಣವಲ್ಲ ಎಂಬ ವಾದವೂ ಇದೆ. ಅದರಲ್ಲಿ ಹುರುಳಿದೆ. ಆದರೆ 2019ರಲ್ಲಿ ಬಂದ ಒಂದು ಫ್ರೆಂಚ್ ಪ್ರಯೋಗವನ್ನೂ ನೋಡಬೇಕು; ಅದರಲ್ಲಿ 207 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು. ಹೊಟ್ಟೆಯ ಭಾಗಕ್ಕೆ ಸಣ್ಣ ರಂಧ್ರದ (ಕೀಹೋಲ್) ಶಸ್ತ್ರಚಿಕಿತ್ಸೆ ಮಾಡಿದ ಗುಂಪಿನಲ್ಲಿ ದೊಡ್ಡ ತೊಡಕುಗಳು ನೂರಕ್ಕೆ 36, ತೆರೆದ ಶಸ್ತ್ರಚಿಕಿತ್ಸೆಯಲ್ಲಿ 64. ಮೂರು ವರ್ಷ ಬದುಕಿದವರು ನೂರಕ್ಕೆ ಕ್ರಮವಾಗಿ 67, 55. ಆಯುಷ್ಯದ ಈ ಅಂತರ ಸಂಶಯಕ್ಕೆ ಎಡೆಯಿಲ್ಲದಷ್ಟು ಗಟ್ಟಿಯಲ್ಲ. ಆದರೂ ತೊಡಕು ತಡೆದರೆ ಆಯುಷ್ಯ ಹೆಚ್ಚಬಹುದು ಎಂಬ ಕಡೆಗೇ ಅದು ಕೈ ತೋರಿಸುತ್ತದೆ.

ಆದ್ದರಿಂದ ನನ್ನ ನಿಲುವು ಇಷ್ಟು. ಈ ಆಪರೇಷನ್ ಬೇಕು. ಆದರೆ ವರ್ಷಕ್ಕೆ ಒಂದೆರಡು ಮಾಡುವ ಕಡೆ ಬೇಡ. 2002ರ ಅಮೆರಿಕದ ಅಧ್ಯಯನದಲ್ಲಿ ಅತಿ ಕಡಿಮೆ ಮಾಡುವ ಆಸ್ಪತ್ರೆಗಳಲ್ಲಿ ಸತ್ತವರು ನೂರಕ್ಕೆ ಸುಮಾರು 20, ಅತಿ ಹೆಚ್ಚು ಮಾಡುವಲ್ಲಿ 8. ಆಸ್ಪತ್ರೆಗಳು 90 ದಿನದೊಳಗಿನ ಸಾವಿನ ಲೆಕ್ಕವನ್ನು, ಸೋರಿಕೆಯ ಲೆಕ್ಕವನ್ನು ಬಹಿರಂಗವಾಗಿ ಇಡಬೇಕು. ಆಪರೇಷನ್ನಿಗೆ ಮುಂಚೆ ತಂಬಾಕು ಬಿಡಿಸುವುದು, ಸೊರಗಿದ ಮೈಗೆ ಪೌಷ್ಟಿಕ ಆಹಾರ ತುಂಬುವುದು, ಉಸಿರಾಟದ ವ್ಯಾಯಾಮ ಕಲಿಸುವುದು ರಾಯಚೂರಿನಲ್ಲೇ ಆಗುವ ಕೆಲಸ. ಊರಿಗೆ ಮರಳಿದವರಿಗೆ ಜ್ವರ, ಕೆಮ್ಮು, ಎದೆನೋವು ಬಂದರೆ ನೋಡುವ ಕಣ್ಣೂ ಇಲ್ಲೇ ಇರಬೇಕು.

ಓದುಗರಲ್ಲಿ ಒಂದೇ ಬಿನ್ನಹ: ಮನೆಯಲ್ಲಿ ಯಾರಿಗಾದರೂ ಎರಡು ವಾರ ರೊಟ್ಟಿ ಸಿಕ್ಕಿಕೊಳ್ಳುತ್ತಿದ್ದರೆ, ಗಂಜಿಗೆ ಇಳಿಯುವವರೆಗೆ ಕಾಯಬೇಡಿ. ಎಂಡೋಸ್ಕೋಪಿ ಮಾಡಿಸಿ.