ಫ್ಯಾನ್ ನೋಡದೆ ಎಂಜಿನ್ ಕಟ್ಟಬೇಡಿ

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಧಕ್ಕೆಗಳಲ್ಲಿ ಟ್ರಾಲ್ ಬೋಟ್‌ಗಳೂ ಪರ್ಸೀನ್ ಬೋಟ್‌ಗಳೂ ಒತ್ತೊತ್ತಾಗಿ ನಿಲ್ಲುವ ಈ 61 ದಿನಗಳೇ ಎಂಜಿನ್ ಬಿಚ್ಚುವ ಕಾಲ. ಹತ್ತು ತಿಂಗಳು ದುಡಿದ ಎಂಜಿನ್‌ಗೆ ಹೊಸ ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಹಾಕಿ ಕಟ್ಟುವಾಗ ಮಾಲೀಕರ ಕಿವಿಗೆ ಬೀಳುವ ಸಲಹೆ ಬಹುತೇಕ ಒಂದೇ. ಹೇಗೂ ಬಿಚ್ಚಿದ್ದಾಗಿದೆ, ಪಂಪ್‌ನಲ್ಲಿ ಡೀಸೆಲ್ ಏರಿಸಿ, ದೊಡ್ಡ ಟರ್ಬೊ ಕೂರಿಸಿ, ಒಂದೈವತ್ತು ಎಚ್‌ಪಿ ಜಾಸ್ತಿ ಮಾಡಿಕೊಳ್ಳಿ. ಶಕ್ತಿ ಹೆಚ್ಚಿದ್ದರೆ ಎಂಜಿನ್‌ಗೆ ಆಯಾಸ ಕಡಿಮೆ, ಬಾಳಿಕೆಯೂ ಬರುತ್ತದೆ.

ಈ ಸಲಹೆಯ ಎರಡೂ ಭಾಗಗಳನ್ನು ನಾನು ಒಪ್ಪುವುದಿಲ್ಲ. ಇದ್ದ ಬ್ಲಾಕ್‌ನಿಂದಲೇ ಹೆಚ್ಚು ಎಚ್‌ಪಿ ಹಿಂಡಿದರೆ ಬಾಳಿಕೆ ಕುಗ್ಗುತ್ತದೆ. ಹಿಂಡಿದ ಎಚ್‌ಪಿಯಿಂದ ಬೋಟ್‌ಗೆ ಸಿಗುವುದೂ ಅಂದುಕೊಂಡದ್ದಕ್ಕಿಂತ ತೀರ ಕಡಿಮೆ.

ಸಲಹೆ ಕೊಡುವವರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. 250 ಎಚ್‌ಪಿಯ ಎಂಜಿನ್ ತೆಗೆದು, ಅದಕ್ಕಿಂತ ದೊಡ್ಡ ಬ್ಲಾಕಿನ 400 ಎಚ್‌ಪಿ ಎಂಜಿನ್ ಕೂರಿಸಿ, ಅದನ್ನು 250ರ ಹೊರೆಯಲ್ಲೇ ಓಡಿಸಿದರೆ ಹೊಸದು ಖಂಡಿತ ಹೆಚ್ಚು ಕಾಲ ಬಾಳುತ್ತದೆ. ಆದರೆ ಮಳೆಗಾಲದ ಶೆಡ್‌ಗಳಲ್ಲಿ ನಡೆಯುವ ಕೆಲಸವೇ ಬೇರೆ. ಅಲ್ಲಿ ಬ್ಲಾಕ್ ಅದೇ, ಕ್ರ್ಯಾಂಕ್ ಅದೇ, ತಣಿಸುವ ನೀರಿನ ದಾರಿಯೂ ಅದೇ. ಏರುವುದು ಒಳಗೆ ಉರಿಯುವ ಡೀಸೆಲ್ ಮಾತ್ರ. ದೊಡ್ಡ ಎಂಜಿನ್‌ನ ಗುಣವನ್ನು ಹಿಗ್ಗಿಸಿದ ಸಣ್ಣ ಎಂಜಿನ್‌ಗೆ ಆರೋಪಿಸುವಲ್ಲೇ ತಪ್ಪು ಶುರುವಾಗುತ್ತದೆ.

ಎಂಜಿನ್ ತಯಾರಕರಿಗೆ ಇದು ಚೆನ್ನಾಗಿ ಗೊತ್ತು. ಕ್ಯಾಟರ್‌ಪಿಲ್ಲರ್ ಕಂಪನಿ ತನ್ನ ಸಾಗರ ಎಂಜಿನ್‌ಗಳನ್ನು ಎ ಇಂದ ಇ ವರೆಗೆ ಐದು ದರ್ಜೆಗಳಲ್ಲಿ ಕೊಡುತ್ತದೆ. ಎ ದರ್ಜೆಯದು ಪೂರ್ಣ ಹೊರೆಯಲ್ಲಿ ನಿಲ್ಲದೆ ಓಡಬಲ್ಲದ್ದು, ವರ್ಷಕ್ಕೆ 5,000ದಿಂದ 8,000 ಗಂಟೆ. ಇ ದರ್ಜೆಯದು ಆರು ಗಂಟೆಯಲ್ಲಿ ಅರ್ಧ ಗಂಟೆ ಮಾತ್ರ ಪೂರ್ಣ ಶಕ್ತಿ ಕೊಡಬೇಕಾದದ್ದು, ವರ್ಷಕ್ಕೆ 250ರಿಂದ 1,000 ಗಂಟೆ. ಒಂದೇ ಬ್ಲಾಕ್ ಹಲವು ದರ್ಜೆಗಳಲ್ಲಿ ಬರುತ್ತದೆ. ಮೇಲಿನ ಎಚ್‌ಪಿ ಬೇಕೆನ್ನುವವನು ಗಂಟೆಗಳನ್ನು ಬಿಟ್ಟುಕೊಡಬೇಕು. ಶ್ರೀಮಂತರ ವಿಹಾರ ದೋಣಿಗೆ ಇ ದರ್ಜೆ ಸಾಕು. ಬಲೆ ಬಿಟ್ಟು ಗಂಟೆಗಟ್ಟಲೆ ಒಂದೇ ಸಮನೆ ಎಳೆಯುವ, ಮತ್ತೆ ಬಿಟ್ಟು ಮತ್ತೆ ಎಳೆಯುವ, ಹೀಗೆ ಹತ್ತು ದಿನ ಕಡಲಲ್ಲೇ ಇರುವ ಆಳಸಮುದ್ರದ ಬೋಟ್‌ನ ಜಾಗ ಎ ದರ್ಜೆಯ ಹತ್ತಿರ. ಪಂಪ್‌ನ ಸೀಲ್ ಒಡೆದು ಡೀಸೆಲ್ ಏರಿಸುವ ಮೆಕ್ಯಾನಿಕ್ ಆ ಎಂಜಿನ್ನನ್ನು ಇ ಕಡೆಗೆ ತಳ್ಳುತ್ತಾನೆ. ದುಡಿಮೆ ಮಾತ್ರ ಎ ದರ್ಜೆಯದಾಗಿಯೇ ಉಳಿಯುತ್ತದೆ.

ಆಗ ಒಳಗೆ ಏನಾಗುತ್ತದೆ ಎಂಬುದರಲ್ಲಿ ಗುಟ್ಟೇನಿಲ್ಲ. ಡೀಸೆಲ್‌ನ ಶಾಖದಲ್ಲಿ ಶಾಫ್ಟ್‌ಗೆ ತಲುಪುವುದು ಹೆಚ್ಚೆಂದರೆ ಶೇ. 40ರ ಆಸುಪಾಸು. ಮಿಕ್ಕದ್ದು ಹೊಗೆಯಲ್ಲಿ, ತಣಿಸುವ ನೀರಿನಲ್ಲಿ, ಆಯಿಲ್‌ನಲ್ಲಿ ಹೊರಹೋಗಬೇಕು. ಶಕ್ತಿ ಐದನೇ ಒಂದು ಪಾಲು ಏರಿದರೆ ಹೊರಹೋಗಬೇಕಾದ ಶಾಖವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅದನ್ನು ಹೊರಬೇಕಾದ ಕೂಲರ್ ಹಳೆಯದು, ಒಳಗಿನ ಕೊಳವೆಗಳಲ್ಲಿ ಉಪ್ಪು ಕಟ್ಟಿದೆ, ಸಮುದ್ರದ ನೀರೆಳೆಯುವ ಪಂಪ್‌ನ ಇಂಪೆಲ್ಲರ್ ಸವೆದಿದೆ. ಮೊದಲು ಎಕ್ಸಾಸ್ಟ್ ವಾಲ್ವ್ ಸುಡುತ್ತದೆ, ಆಮೇಲೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಕೊನೆಗೆ ಪಿಸ್ಟನ್ ಲೈನರ್‌ಗೆ ಕಚ್ಚಿ ಎಂಜಿನ್ ಸೀಜ್ ಆಗುತ್ತದೆ. ದಡದಿಂದ ಅರುವತ್ತು ಮೈಲಿ ಆಚೆ ಇದಾದರೆ ಇನ್ನೊಂದು ಬೋಟ್ ತನ್ನ ಮೀನುಗಾರಿಕೆ ಬಿಟ್ಟು ಎಳೆದು ತರಬೇಕು. ಗಾಳಿಮಳೆಯ ದಿನವಾದರೆ ಬೋಟಿನಲ್ಲಿರುವವರ ಜೀವದ ಪ್ರಶ್ನೆ. ಬಾಳಿಕೆಯ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಸರಿ, ಅಪಾಯ ಹೊತ್ತು ಪಡೆದ ಆ ಶಕ್ತಿಯಿಂದ ಬೋಟ್ ಜೋರಾಗಿ ಓಡುವುದಿಲ್ಲವೇ? ಬೇಗ ದಡ ಸೇರಿದರೆ ಮೀನಿಗೆ ಒಳ್ಳೆಯ ರೇಟ್ ಸಿಗುವುದಿಲ್ಲವೇ? ನೀರನ್ನು ಸೀಳಿಕೊಂಡು ಸಾಗುವ ಭಾರದ ಬೋಟ್‌ಗೆ ಅದರ ಉದ್ದವೇ ಒಂದು ಮಿತಿ ಹಾಕುತ್ತದೆ. ನೀರಿನ ಮಟ್ಟದಲ್ಲಿ ಅಳೆದ ಉದ್ದವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. 49 ಅಡಿಗೆ ಸುಮಾರು 9.4 ನಾಟ್. ಆ ಮಿತಿಯ ಕೆಳಗೂ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಮಿತಿ ಹತ್ತಿರವಾದಂತೆ ಅದಕ್ಕಿಂತಲೂ ಕಡಿದಾಗಿ. 8 ನಾಟ್‌ನಿಂದ 9ಕ್ಕೆ ಹೋಗಲು ಕನಿಷ್ಠ ಶೇ. 42ರಷ್ಟು ಹೆಚ್ಚು ಶಕ್ತಿ ಬೇಕು. 80 ಮೈಲಿಯ ದಾರಿಯಲ್ಲಿ ಉಳಿಯುವುದು ಒಂದು ಗಂಟೆಯ ಮೇಲೆ ಏಳು ನಿಮಿಷ, ಅಷ್ಟೇ ದೂರಕ್ಕೆ ಸುಡುವ ಡೀಸೆಲ್ ಕಾಲು ಪಾಲಿಗಿಂತ ಹೆಚ್ಚು. ಹರಾಜಿನ ಹೊತ್ತಿಗೆ ಸರಿಯಾಗಿ ತಲುಪಬೇಕೆಂದರೆ ಒಂದು ಗಂಟೆ ಮೊದಲೇ ಬಲೆ ಎತ್ತುವುದು ಅಗ್ಗ.

ಟ್ರಾಲ್ ಬೋಟ್‌ಗೆ ನಿಜವಾಗಿ ಬೇಕಾದದ್ದು ಓಟವಲ್ಲ, ಎಳೆತ. ಬಲೆ ಎಳೆಯುವುದು ಮೂರು ನಾಟ್‌ನ ಆಸುಪಾಸಿನಲ್ಲಿ. ಎಂಜಿನ್‌ನ ಎಚ್‌ಪಿಯನ್ನು ಎಳೆತವಾಗಿ ಮಾರ್ಪಡಿಸುವುದು ನೀರೊಳಗಿನ ಫ್ಯಾನ್, ಎಂದರೆ ಪ್ರೊಪೆಲ್ಲರ್. ಮೆಕ್ಯಾನಿಕ್ ಶೆಡ್‌ನಲ್ಲಿ ಅದರ ಮಾತೇ ಬರುವುದಿಲ್ಲ ಎಂಬುದು ನನ್ನ ಮುಖ್ಯ ತಕರಾರು. ನಿಂತಲ್ಲೇ ತಳ್ಳುವ ಫ್ಯಾನಿನ ಮೂಲ ಲೆಕ್ಕ ಹೇಳುವುದಿಷ್ಟು: ಎಳೆತವು ಶಕ್ತಿ ಮತ್ತು ವ್ಯಾಸ ಇವುಗಳ ಗುಣಲಬ್ಧವನ್ನು ಅವಲಂಬಿಸಿದೆ, ಎರಡಕ್ಕೂ ಅಲ್ಲಿ ಸಮಾನ ತೂಕ. ಎಂದರೆ 250 ಎಚ್‌ಪಿಯನ್ನು 300ಕ್ಕೆ ಏರಿಸಿದರೆ ಎಷ್ಟು ಎಳೆತ ಹೆಚ್ಚುತ್ತದೋ, 250ರಲ್ಲೇ ಇಟ್ಟು 40 ಅಂಗುಲದ ಫ್ಯಾನನ್ನು 48 ಅಂಗುಲಕ್ಕೆ ಹಿಗ್ಗಿಸಿದರೂ ಅಷ್ಟೇ ಹೆಚ್ಚುತ್ತದೆ, ಸುಮಾರು ಶೇ. 13. ಮೂರು ನಾಟ್ ನಿಧಾನದಲ್ಲಿ ಈ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ಮೊದಲ ದಾರಿಗೆ ಪ್ರತಿ ಗಂಟೆ ಸುಮಾರು ಹತ್ತು ಲೀಟರ್ ಹೆಚ್ಚು ಡೀಸೆಲ್ ಬೇಕು. ದಿನಕ್ಕೆ ಹನ್ನೆರಡು ಗಂಟೆ ಎಳೆದರೆ ಹತ್ತು ದಿನದ ಟ್ರಿಪ್‌ನಲ್ಲಿ 1,200 ಲೀಟರ್. ಎರಡನೆಯದಕ್ಕೆ ಒಂದು ಲೀಟರೂ ಹೆಚ್ಚು ಬೇಡ.

ಎರಡನೆಯ ದಾರಿ ಪುಕ್ಕಟೆ ಅಲ್ಲ, ನಿಜ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಬೇಕು. 3:1 ಗೇರ್‌ಬಾಕ್ಸ್ ಹೋಗಿ 4:1 ಬರಬೇಕು. ಶಾಫ್ಟ್ ಮೇಲಿನ ತಿರುಚು ಮೂರನೇ ಒಂದು ಪಾಲಿನಷ್ಟು ಏರುವುದರಿಂದ ದಪ್ಪ ಶಾಫ್ಟ್ ಬೇಕು, ಸ್ಟರ್ನ್ ಟ್ಯೂಬ್ ಬದಲಿಸಬೇಕು. ಬೋಟಿನ ಹಿಂದೆ 48 ಅಂಗುಲಕ್ಕೆ ಜಾಗವೇ ಇಲ್ಲದಿದ್ದರೆ ಎಷ್ಟು ಹಿಡಿಸುತ್ತದೋ ಅಷ್ಟಕ್ಕೆ ತೃಪ್ತಿಪಡಬೇಕು, ಇಲ್ಲವೇ ಫ್ಯಾನ್ ಸುತ್ತ ಉಂಗುರದಂಥ ನಾಜಲ್ ಕಟ್ಟುವ ಬಗ್ಗೆ ಯೋಚಿಸಬೇಕು. ಆದರೆ ಈ ಖರ್ಚು ಒಮ್ಮೆ ಮಾತ್ರ. ಡೀಸೆಲ್ ಏರಿಸಿದ ಎಂಜಿನ್ ಪ್ರತಿ ಗಂಟೆಯೂ ಖರ್ಚು ಕೇಳುತ್ತದೆ. ಇದೇನೂ ಹೊಸ ಶೋಧವಲ್ಲ. ಮದ್ರಾಸಿನಿಂದ ನಡೆಯುತ್ತಿದ್ದ ಬಂಗಾಳ ಕೊಲ್ಲಿ ಕಾರ್ಯಕ್ರಮಕ್ಕಾಗಿ ನಾರ್ವೆಯ ದೋಣಿ ವಿನ್ಯಾಸಕಾರ ಓವಿಂದ್ ಗುಲ್‌ಬ್ರಾಂಡ್‌ಸನ್ 1980ರ ದಶಕದಲ್ಲೇ ಸಣ್ಣ ಮೀನುಗಾರಿಕಾ ದೋಣಿಗಳ ಇಂಧನ ಖರ್ಚು ತಗ್ಗಿಸುವ ಬಗ್ಗೆ ಕೈಪಿಡಿ ಬರೆದರು. ವೇಗ ತಗ್ಗಿಸಿ, ದೊಡ್ಡ ಫ್ಯಾನನ್ನು ನಿಧಾನ ತಿರುಗಿಸಿ ಎಂಬುದು ಅದರ ಮುಖ್ಯ ಸಲಹೆಗಳಲ್ಲಿ ಸೇರಿತ್ತು. ನಲವತ್ತು ವರ್ಷ ಕಳೆದರೂ ಧಕ್ಕೆಯಲ್ಲಿ ಬೋಟ್‌ಗಳನ್ನು ಎಚ್‌ಪಿಯಿಂದಲೇ ಅಳೆಯುತ್ತಿದ್ದೇವೆ.

ಹಾಗಾದರೆ ಬಿಚ್ಚಿದ ಎಂಜಿನ್ನನ್ನು ಹೇಗೆ ಕಟ್ಟಬೇಕು? ಕಂಪನಿ ಬರೆದಿಟ್ಟ ಅಳತೆಗೆ, ಅದರಾಚೆಗೆ ಒಂದು ಹೆಜ್ಜೆಯೂ ಇಲ್ಲದಂತೆ. ಕ್ರ್ಯಾಂಕ್ ಗ್ರೈಂಡ್ ಮಾಡುವಾಗ ಜರ್ನಲ್‌ನ ಅಂಚಿನ ದುಂಡುಮೂಲೆಯನ್ನು ಚೂಪಾಗಿ ಕಡಿದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಲೇತ್‌ನವರಿಂದ ಆ ಒಂದು ಅಳತೆಯನ್ನು ಬರೆಸಿಕೊಳ್ಳಿ. ಬ್ಲಾಕಿನ ಮೇಲೆ ಲೈನರ್ ಎಷ್ಟು ಎದ್ದು ನಿಂತಿದೆ ಎಂಬುದನ್ನು ಪ್ರತಿ ಸಿಲಿಂಡರ್‌ಗೆ ಅಳೆಸಿ. ಒಂದು ತಗ್ಗಿದ್ದರೆ ಗ್ಯಾಸ್ಕೆಟ್ ಅಲ್ಲೇ ಸೋರುತ್ತದೆ. ಉಳಿಸಿದ ಹಣದಲ್ಲಿ ಕೂಲರ್‌ನ ಕೊಳವೆಗಳನ್ನು ಬದಲಿಸಿ. ಎಂಜಿನ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿವೆಯೇ ಎಂದು ನೋಡಬೇಕಾದದ್ದು ಬೋಟ್ ನೀರಿಗಿಳಿದು ಒಂದೆರಡು ದಿನ ನಿಂತ ಮೇಲೆ, ಏಕೆಂದರೆ ದಡದ ಮೇಲಿದ್ದಾಗಿನ ಆಕಾರ ಮರದ ಬೋಟ್‌ಗೆ ನೀರಲ್ಲಿ ಉಳಿಯುವುದಿಲ್ಲ. ಕಪ್ಲಿಂಗ್‌ನ ಎರಡು ಮುಖಗಳ ನಡುವಿನ ಸಂದಿಯಲ್ಲಿ ವ್ಯಾಸದ 100 ಮಿಲಿಮೀಟರ್‌ಗೆ 0.1 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ತರಾತುರಿಯಲ್ಲಿ ಬಿಟ್ಟುಹೋಗುವ ಕೆಲಸ ಇದೇ, ಗೇರ್‌ಬಾಕ್ಸ್ ಸೀಲನ್ನೂ ಸ್ಟರ್ನ್ ಬೇರಿಂಗನ್ನೂ ತಿನ್ನುವುದೂ ಇದೇ.

ಇನ್ನೊಂದು ಆಕ್ಷೇಪಕ್ಕೆ ಉತ್ತರಿಸಬೇಕು, ಅದು ಪಕ್ಕದ ಬೋಟಿನದು. ಅವನು 300ಕ್ಕೆ ಏರಿಸಿದ್ದಾನೆ, ನಾನು ಸುಮ್ಮನಿದ್ದರೆ ಮೀನು ಅವನ ಪಾಲಾಗುತ್ತದೆ ಎಂಬ ಹೆದರಿಕೆ ಸುಳ್ಳಲ್ಲ. ಆದರೆ ಎಲ್ಲರೂ ಏರಿಸಿಕೊಂಡ ಮರುವರ್ಷ ಎಲ್ಲರೂ ಮತ್ತೆ ಸಮ. ಹೆಚ್ಚಾದದ್ದು ಬಂಕ್‌ನ ಬಿಲ್ ಮತ್ತು ಬೂತಾಯಿ, ಬಂಗುಡೆಯ ಮೇಲಿನ ಒತ್ತಡ ಮಾತ್ರ. ಈ ಪೈಪೋಟಿಯಿಂದ ಒಬ್ಬ ಮಾಲೀಕ ಒಂಟಿಯಾಗಿ ಹೊರಬರಲಾರ, ಒಪ್ಪುತ್ತೇನೆ. ಬೋಟ್‌ಗಳ ಡೀಸೆಲ್‌ಗೆ ತೆರಿಗೆ ವಿನಾಯಿತಿ ಕೊಡುವ ರಾಜ್ಯ ಸರ್ಕಾರ ಅದರ ಒಂದು ಪಾಲನ್ನು ಗೇರ್‌ಬಾಕ್ಸ್ ಮತ್ತು ಫ್ಯಾನ್ ಬದಲಿಸುವವರಿಗೆ ಸಾಲವಾಗಿ ಕೊಡಬಹುದು. ಮೀನುಗಾರರ ಸಂಘಗಳು ರಜೆ ಮುಗಿಯುವ ಮುನ್ನ ಎಳೆತ ಅಳೆಯುವ ಒಂದು ತಕ್ಕಡಿಯನ್ನು ಧಕ್ಕೆಯಲ್ಲಿಟ್ಟು, ಹಗ್ಗ ಕಟ್ಟಿ ಪ್ರತಿ ಬೋಟಿನ ಎಳೆತವನ್ನು ಕಿಲೋ ಲೆಕ್ಕದಲ್ಲಿ ಬರೆದುಕೊಡಬಹುದು. ಆಗ ಮೆಕ್ಯಾನಿಕ್ ಎಷ್ಟು ಎಚ್‌ಪಿ ಏರಿಸಿದ ಎಂದು ಕೇಳುವವರು, ಆ ಚೀಟಿ ಹಿಡಿದು ಎಷ್ಟು ಕಿಲೋ ಎಳೆತ ಏರಿತು, ಅದಕ್ಕೆ ಗಂಟೆಗೆ ಎಷ್ಟು ಲೀಟರ್ ಸುಟ್ಟಿತು ಎಂದು ಕೇಳತೊಡಗುತ್ತಾರೆ.