ಕೈಗೊಪ್ಪಿಸಿದ ತತ್ತ್ವ

ಹಾನಗಲ್ಲು, ಶಿಗ್ಗಾವಿ ಸೀಮೆಯಲ್ಲಿ ದೊಡ್ಡಾಟವನ್ನು ಬೆಳತನಕ ಕುಳಿತು ನೋಡಿದವರಿಗೆ ಒಂದು ಸಂಪ್ರದಾಯ ಚೆನ್ನಾಗಿ ಪರಿಚಿತವಾದುದು: ಕಿರೀಟ ಭುಜಕೀರ್ತಿಗಳ ಭಾರವನ್ನು ಹೊತ್ತು, ಮದ್ದಳೆಯ ಪೆಟ್ಟಿಗೆ ಅಟ್ಟವೇ ನಡುಗುವಂತೆ ಕುಣಿಯುತ್ತ ಪ್ರವೇಶಿಸುವ ಪಾತ್ರವು ದೇವನಾಗಿರಲಿ ದೈತ್ಯನಾಗಿರಲಿ, ಧರ್ಮರಾಯನಾಗಿರಲಿ ಕೀಚಕನಾಗಿರಲಿ, ಸಾರಥಿಯು ಅದನ್ನು ತಡೆದು ನಿಲ್ಲಿಸಿ, ತಾವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು ಎಂದು ಕೇಳದೆ ಬಿಡುವುದಿಲ್ಲ. ವಧೆಗೆ ಗುರಿಯಾಗಲಿರುವವನೂ ತನ್ನ ಹೆಸರನ್ನು ತಾನೇ ಸಾರಿಕೊಂಡ ಮೇಲೆಯೇ ಕಾಳಗ. ಶಸ್ತ್ರದ ವೇಗವೂ ಆತ್ಮವಿಚಾರವೂ ಒಂದೇ ಅಟ್ಟದ ಮೇಲೆ ಸಲ್ಲವೆಂದು ಈ ನೆಲದವರು ಎಂದೂ ಭಾವಿಸಿದ್ದಿಲ್ಲ. ಬಾಡದ ಕನಕದಾಸರು ಕತ್ತಿ ಹಿಡಿದ ದಂಡನಾಯಕರಾಗಿದ್ದು ಆಮೇಲೆ ಹರಿದಾಸರಾದರೆಂಬ ಕಥೆಯನ್ನು ಇಲ್ಲಿಯ ಜನ ಹೆಮ್ಮೆಯಿಂದಲೇ ಹೇಳುತ್ತಾರೆ. ಆದುದರಿಂದ ಸವಣೂರು, ಹಿರೇಕೆರೂರುಗಳ ತರುಣರು ಮೊಬೈಲಿನಲ್ಲಿ ಬಂದೂಕಿನ ಆಟವಾಡುತ್ತ ಕುಳಿತಿರುವುದನ್ನು ಕಂಡು, ವಿಡಿಯೊ ಗೇಮ್ ಎಂಬ ಪ್ರಕಾರವೇ ವಿಚಾರಹೀನವೆಂದು ಹಿರಿಯರು ತೀರ್ಪು ಕೊಡುವುದು ಅವಸರದ ಮಾತಾಗುತ್ತದೆ. ಆ ಪ್ರಕಾರದಲ್ಲಿ ಹುಟ್ಟಿದ ಒಂದು ಗಂಭೀರ ಕೃತಿಯನ್ನು ಸಾರಥಿಯ ಆ ಪ್ರಶ್ನೆಯ ಮುಂದೆಯೇ ನಿಲ್ಲಿಸಿ ನೋಡುವುದು ಯೋಗ್ಯವೆಂದು ನನಗೆ ತೋರುತ್ತದೆ.

ಆ ಕೃತಿ 2017ರಲ್ಲಿ ಹೊರಬಂದ ಜಪಾನಿನ ‘ನಿಯರ್: ಆಟೋಮೆಟಾ’. ನಿರ್ದೇಶಕ ಯೊಕೊ ಟಾರೊ. ನಿರ್ಮಿಸಿದ ಸಂಸ್ಥೆ ಪ್ಲಾಟಿನಮ್‌ಗೇಮ್ಸ್, ಪ್ರಕಾಶಕರು ಸ್ಕ್ವೇರ್ ಎನಿಕ್ಸ್. ಕ್ರಿಸ್ತಶಕ 11945ರ ಭೂಮಿ ಅನ್ಯಲೋಕದವರು ರಚಿಸಿದ ಯಂತ್ರಗಳಿಂದ ಆಕ್ರಾಂತವಾಗಿದೆ. ಚಂದ್ರನಲ್ಲಿ ಆಶ್ರಯ ಪಡೆದಿರುವುದೆಂದು ನಂಬಲಾದ ಮನುಕುಲದ ಪರವಾಗಿ, ಮಾನವಾಕೃತಿಯ ಆಂಡ್ರಾಯ್ಡ್ ಯೋಧರು, ಅವರಲ್ಲಿಯೂ ಮುಖ್ಯವಾಗಿ ಟೂ-ಬಿ ಎಂಬ ಯೋಧೆ ಮತ್ತು ನೈನ್-ಎಸ್ ಎಂಬ ಶೋಧಕ, ಆ ಯಂತ್ರಗಳೊಡನೆ ಕಾದುತ್ತಾರೆ. ಆಟ ಮುಂದುವರಿದಂತೆ ತಿಳಿದುಬರುವ ಸತ್ಯವಾದರೋ ಭಯಂಕರವಾದುದು: ಮನುಷ್ಯರು ಎಂದೋ ಅಳಿದುಹೋಗಿದ್ದಾರೆ, ಅನ್ಯಲೋಕದವರನ್ನು ಅವರ ಯಂತ್ರಗಳೇ ಕೊಂದಿವೆ, ಹೀಗೆ ಇಲ್ಲದ ಒಡೆಯರಿಗಾಗಿ ಎರಡು ಸೈನ್ಯಗಳು ಸಾವಿರಾರು ವರ್ಷ ಹೋರಾಡುತ್ತ ಬಂದಿವೆ. ಬಂದ ಕಾರಣವೇನೆಂದು ಸಾರಥಿ ಕೇಳಿದ್ದರೆ ಉತ್ತರಿಸಲು ಇವರಲ್ಲಿ ಯಾರಿಗೂ ಶಕ್ತಿಯಿರಲಿಲ್ಲ.

ಇಷ್ಟು ಕಥೆ ಒಂದು ಕಾದಂಬರಿಗೂ ಒದಗುತ್ತಿತ್ತು. ಈ ಕೃತಿಯ ನಿಜವಾದ ಆಕರ್ಷಣೆಯು, ತತ್ತ್ವವನ್ನು ಪಾತ್ರದ ನಾಲಗೆಯಿಂದ ತೆಗೆದು ಆಡುವವನ ಕೈಗೆ ಒಪ್ಪಿಸುವ ವಿಧಾನದಲ್ಲಿದೆ. ಮೊದಲ ಆವರ್ತನದಲ್ಲಿ ಆಟಗಾರನು ಟೂ-ಬಿಯಾಗಿ ನೂರಾರು ಯಂತ್ರಗಳನ್ನು ನಿರಾಯಾಸವಾಗಿ ಕತ್ತರಿಸುತ್ತ ಸಾಗುತ್ತಾನೆ. ಕತ್ತಿಯ ಚಲನೆ ಅತ್ಯಂತ ಲಲಿತವಾಗಿರುವುದರಿಂದ ಆ ಸಂಹಾರವು ಅವನಿಗೆ ಸುಖವನ್ನೇ ಕೊಡುತ್ತದೆ. ಅದೇ ಕಥೆಯನ್ನು ನೈನ್-ಎಸ್‌ನ ದೃಷ್ಟಿಯಿಂದ ಮತ್ತೆ ಆರಂಭಿಸಿದಾಗ, ವೀರಾವೇಶದ ಪ್ರಾರಂಭವನ್ನು ನಿರೀಕ್ಷಿಸಿದವನ ವಶಕ್ಕೆ ಬರುವುದು ಗಿಡ್ಡ ಕಾಲುಗಳ ಒಂದು ಪುಟ್ಟ ಯಂತ್ರ. ಅದರ ಅಣ್ಣ ಅಲುಗದೆ ಬಿದ್ದಿದ್ದಾನೆ. ಒಂದು ಬಕೆಟ್ಟಿನಲ್ಲಿ ಎಣ್ಣೆ ತಂದೆರೆದರೆ ಅವನು ಎದ್ದಾನೆಂಬ ಆಸೆಯಿಂದ ಅದು ಹೊರಡುತ್ತದೆ. ಓಡಲು ಬಾರದ, ಹೊಡೆಯಲು ಬಾರದ, ದಾರಿಯಲ್ಲಿ ಎಡವಿ ಎಣ್ಣೆಯನ್ನು ಚೆಲ್ಲಿಕೊಳ್ಳುವ ಆ ಜೀವವನ್ನು ಆಟಗಾರನು ತನ್ನದೇ ಬೆರಳುಗಳಿಂದ ಮೆಲ್ಲಮೆಲ್ಲನೆ ನಡೆಸಬೇಕು. ವೈರಿಗೂ ಅಣ್ಣತಮ್ಮಂದಿರುಂಟೆಂದು ಯಾರೊಬ್ಬರೂ ಅಲ್ಲಿ ಉಪದೇಶಿಸುವುದಿಲ್ಲ. ಆ ಮಂದಗತಿಯೇ ಅದನ್ನು ತಿಳಿಸುತ್ತದೆ. ಇದಾದ ಬಳಿಕ ಬೀಸುವ ಕತ್ತಿ ಮೊದಲಿನಷ್ಟೇ ಲಲಿತವಾಗಿರುತ್ತದೆ, ಆದರೆ ಮೊದಲಿನ ಸುಖ ಮತ್ತೆ ಬರುವುದಿಲ್ಲ.

ಪಾಸ್ಕಲ್ ಎಂಬ ಶಾಂತಿಪ್ರಿಯ ಯಂತ್ರದ ಪ್ರಸಂಗವೂ ಈ ಗುಣದ್ದೇ. ಅವನು ಪೋಷಿಸುತ್ತಿದ್ದ ಯಂತ್ರಶಿಶುಗಳು, ಅಪಾಯದಿಂದ ದೂರವಿರಲೆಂದು ಅವನೇ ಕಲಿಸಿದ್ದ ಭಯವನ್ನು ತಾಳಲಾರದೆ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡಾಗ, ನನ್ನ ನೆನಪನ್ನು ಅಳಿಸು, ಇಲ್ಲವೆ ನನ್ನನ್ನು ಕೊಲ್ಲು ಎಂದು ಅವನು ಆಟಗಾರನಿಗೆ ಮೊರೆಯಿಡುತ್ತಾನೆ. ಎರಡನ್ನೂ ಮಾಡದೆ ಹೊರಟುಹೋಗಲೂ ಅವಕಾಶವುಂಟು. ಯಾವುದನ್ನು ಆರಿಸಿದರೂ ಮನಸ್ಸು ಹಗುರಾಗದು.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಯಂತ್ರಗಳಿಗೆ ಪಾಸ್ಕಲ್, ಹೆಗೆಲ್, ಎಂಗೆಲ್ಸ್, ಕಿಯರ್ಕೆಗಾರ್ಡ್ ಎಂದು ದಾರ್ಶನಿಕರ ಹೆಸರುಗಳನ್ನು ಉದಾರವಾಗಿ ಹಂಚಿರುವುದು ಬಹುಮಟ್ಟಿಗೆ ಅಲಂಕಾರವಾಗಿಯೇ ಉಳಿದಿದೆ. ಹೆಗೆಲನ ಹೆಸರು ಹೊತ್ತ ದೈತ್ಯಯಂತ್ರವನ್ನು ಕೆಡವಿದವನಿಗೆ ಹೆಗೆಲನ ವಿಚಾರದ ಒಂದು ಎಳೆಯೂ ದಕ್ಕುವುದಿಲ್ಲ. ಶಿಶುನಾಳದ ಶರೀಫರು ಯಾವ ದರ್ಶನದ ಹೆಸರನ್ನೂ ಎತ್ತದೆ, ಹಳ್ಳಿಯವರ ಕಣ್ಣೆದುರಿನ ವಸ್ತುಗಳಲ್ಲಿಯೇ ಅನುಭಾವವನ್ನು ತೋರಿದವರು. ಅವರನ್ನು ಕೇಳಿ ಬೆಳೆದ ಕಿವಿಗೆ ಈ ನಾಮಾವಳಿ ತೆಳುವೆನ್ನಿಸಿದರೆ ಆಶ್ಚರ್ಯವಿಲ್ಲ. ನಾಯಿಕೆಯ ಉಡುಪಿನಲ್ಲಿ ಕಥೆಯ ಗಾಂಭೀರ್ಯಕ್ಕೆ ಒಪ್ಪದ ಪ್ರದರ್ಶನಪ್ರಿಯತೆಯಿದೆ. ಎರಡನೆಯ ಆವರ್ತನದ ಪುನರುಕ್ತಿ ಉದ್ದೇಶಪೂರ್ವಕವೇ ಆದರೂ ಕೆಲವೆಡೆ ದಣಿಸುತ್ತದೆ. ಕೆಯಿಚಿ ಒಕಾಬೆಯವರ ಸಂಗೀತ ಮಾತ್ರ ಎಲ್ಲಿಯೂ ದಣಿಸದು.

ಆದರೂ ಈ ಕೃತಿಯ ಕೊನೆಯ ಸಮಾಪ್ತಿಯನ್ನು ಕಂಡವರು ಈ ಕೊರತೆಗಳನ್ನು ಕ್ಷಮಿಸುತ್ತಾರೆ. ನಿರ್ಮಾಪಕರ ಹೆಸರುಗಳೇ ವೈರಿಗಳಾಗಿ ಗುಂಡು ಸುರಿಸುವ ಆ ಕಾಳಗವನ್ನು ಒಬ್ಬನೇ ಗೆಲ್ಲುವುದು ಬಹಳ ಕಷ್ಟ. ಸೋತು ಸೋತು ಕುಸಿದಾಗ, ಲೋಕದ ಯಾವ ಯಾವುದೋ ಮೂಲೆಯ ಆಟಗಾರರು ಬಿಟ್ಟುಹೋದ ನೆರವು ಬಂದು ಸುತ್ತುವರಿಯುತ್ತದೆ. ಗೆದ್ದ ಮೇಲೆ ಆಟ ಕೇಳುತ್ತದೆ: ನೀನೂ ಒಬ್ಬ ಅಪರಿಚಿತನಿಗೆ ಹೀಗೆ ನೆರವಾಗುವೆಯಾ? ಆಗುವುದಾದರೆ, ಇದುವರೆಗೆ ಗಳಿಸಿ ಕೂಡಿಟ್ಟ ಆಟದ ದಾಖಲೆಯೆಲ್ಲವೂ ಅಳಿಸಿಹೋಗುವುದು. ನೆರವು ಪಡೆದವನು ನಿನಗೆ ಸೇರದವನೇ ಆಗಿರಬಹುದು. ನಿರಾಕರಿಸಿದವನಿಗೆ ದಂಡನೆಯಿಲ್ಲ. ಒಪ್ಪಿದವನ ಕಣ್ಣೆದುರಿನಲ್ಲಿ ಹತ್ತಾರು ಗಂಟೆಗಳ ಸಂಪಾದನೆ ಒಂದೊಂದಾಗಿ ಮಾಯವಾಗುತ್ತದೆ. ತ್ಯಾಗವೆಂಬುದನ್ನು ಕಾವ್ಯ ವರ್ಣಿಸಬಲ್ಲದು, ನಾಟಕ ಅಭಿನಯಿಸಿ ತೋರಬಲ್ಲದು. ನೋಡುವವನಿಂದಲೇ, ಅವನಿಗೆ ನಿಜವಾಗಿ ನಷ್ಟವಾಗುವಂತೆ, ಅದನ್ನು ಮಾಡಿಸುವ ಸಾಮರ್ಥ್ಯ ಈ ಹೊಸ ಪ್ರಕಾರಕ್ಕೆ ವಿಶಿಷ್ಟವಾಗಿ ದಕ್ಕಿದೆ.

ಇಂಥ ಕೃತಿ ಕನ್ನಡದಲ್ಲಿ ಆಗಬೇಕೆಂದು ನಾನು ಹಂಬಲಿಸುತ್ತೇನೆ, ವಸ್ತುವೂ ಕೈಯಳತೆಯಲ್ಲಿಯೇ ಇದೆ. ಹಾನಗಲ್ಲನ್ನು ವಿರಾಟನಗರವೆಂದು ಪರಂಪರೆ ಕರೆಯುತ್ತದೆ, ಅಲ್ಲಿ ಕುಂತಿಯ ಹೆಸರಿನ ದಿಬ್ಬವೂ ಉಂಟು. ವಿರಾಟಪರ್ವದ ಅಜ್ಞಾತವಾಸವಂತೂ ಆಟದ ನಿಯಮವನ್ನು ತನ್ನೊಳಗೇ ಹೊತ್ತಿರುವ ಕಥೆ: ವರುಷ ಮುಗಿಯುವ ಮೊದಲು ಗುರುತು ಬಯಲಾದರೆ ಮತ್ತೆ ಹನ್ನೆರಡು ವರುಷ ಕಾಡು. ಆಯುಧಗಳು ಬನ್ನಿಯ ಮರದ ಮೇಲಿವೆ. ಭೀಮ ಬಲ್ಲವನಾಗಿ ಅಡಿಗೆಮನೆಯಲ್ಲಿದ್ದಾನೆ, ಅರ್ಜುನ ಬೃಹನ್ನಳೆಯಾಗಿ ಕುಣಿತ ಕಲಿಸುತ್ತಿದ್ದಾನೆ. ಕೀಚಕನು ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದೆಯುವಾಗ ಭೀಮನ ಬಲವೆಲ್ಲವೂ ಆಟಗಾರನ ಹೆಬ್ಬೆರಳಿನ ಕೆಳಗಿರಲಿ, ಒತ್ತಿದರೆ ಕೀಚಕ ಅಲ್ಲಿಯೇ ಸಾಯಲಿ, ಕಾಡಿನ ಹನ್ನೆರಡು ವರುಷಗಳು ಐವರಿಗೂ ಆಕೆಗೂ ಮೊದಲಿಂದ ಆರಂಭವಾಗಲಿ. ಒತ್ತದಿದ್ದರೆ, ಆ ರಾತ್ರಿ ಅಡಿಗೆಮನೆಗೆ ಬಂದು ಎಬ್ಬಿಸುವ ದ್ರೌಪದಿಗೆ ಉತ್ತರ ಕೊಡುವ ಹೊಣೆಯೂ ಅವನದೇ ಆಗಿರಲಿ.