ನಾಲ್ಕನೆಯ ಕುರ್ಚಿಯ ಸಭ್ಯ ಮನುಷ್ಯ

ಸಿಡ್ನಿ ಲ್ಯೂಮೆಟ್ ನಿರ್ದೇಶಿಸಿದ ‘12 ಆಂಗ್ರಿ ಮೆನ್’ (1957) ಚಿತ್ರದ ಮಾತು ಬಂದಾಗಲೆಲ್ಲ ಹೆನ್ರಿ ಫೋಂಡಾ ನಟಿಸಿದ ಎಂಟನೆಯ ಜ್ಯೂರಿ ಸದಸ್ಯನ ಮಾತೇ ಮುಂದಾಗುತ್ತದೆ. ಹನ್ನೊಂದು ಜನ ಹುಡುಗನನ್ನು ಅಪರಾಧಿ ಎಂದಾಗ ಒಪ್ಪದೆ ಕುಳಿತವನು, ಒಬ್ಬೊಬ್ಬರನ್ನೇ ತನ್ನತ್ತ ಸೆಳೆದುಕೊಂಡವನು. ಚಿತ್ರದ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಪೂರ್ವಗ್ರಹದ ಬಗ್ಗೆ ಈ ಚಿತ್ರ ಏನನ್ನು ಹೇಳಿತು, ಏನನ್ನು ಹೇಳದೆ ಬಿಟ್ಟಿತು ಎಂದು ತಿಳಿಯಬೇಕಾದರೆ ನೋಡಬೇಕಾದದ್ದು ನಾಲ್ಕನೆಯವನನ್ನು. ಇ. ಜಿ. ಮಾರ್ಷಲ್ ನಟಿಸಿದ, ಕನ್ನಡಕ ಹಾಕಿದ, ಕೋಟು ಬಿಚ್ಚದ ಷೇರು ದಲ್ಲಾಳಿಯನ್ನು.

ಕತೆ ಗೊತ್ತಿರುವುದೇ. ನ್ಯೂಯಾರ್ಕಿನ ಕೊಳೆಗೇರಿಯ ಹದಿನೆಂಟು ವರ್ಷದ ಹುಡುಗ ತಂದೆಯನ್ನು ಚಾಕುವಿನಿಂದ ಇರಿದು ಕೊಂದನೆಂಬ ಆರೋಪ. ಅಪರಾಧಿ ಎಂದರೆ ಮರಣದಂಡನೆ. ತೀರ್ಪು ಯಾವುದಾದರೂ ಹನ್ನೆರಡು ಜನರೂ ಒಮ್ಮತದಿಂದ ಹೇಳಬೇಕು. ಲೇಖಕ ರೆಜಿನಾಲ್ಡ್ ರೋಸ್ ತಾವೇ ಒಂದು ನರಹತ್ಯೆ ಮೊಕದ್ದಮೆಯ ಜ್ಯೂರಿಯಲ್ಲಿ ಕೂತು ಬಂದ ಮೇಲೆ ಇದನ್ನು 1954ರಲ್ಲಿ ಟಿವಿ ನಾಟಕವಾಗಿ ಬರೆದರು. ಆ ಅನುಭವದ ಕಾವು ಮೊದಲ ಮತದಾನದಲ್ಲೇ ತಿಳಿಯುತ್ತದೆ. ಅಪರಾಧಿ ಎನ್ನುವವರು ಕೈ ಎತ್ತಿ ಎಂದಾಗ ಕೆಲವು ಕೈಗಳು ಥಟ್ಟನೆ ಏಳುತ್ತವೆ. ಮಿಕ್ಕವು ಅಕ್ಕಪಕ್ಕ ನೋಡಿ, ತಡೆದು, ಆಮೇಲೆ ಏಳುತ್ತವೆ. ಎಣಿಸಿದವರಿಗೆ ಸಿಗುವುದು ಹನ್ನೊಂದು ಮತ. ಅದರಲ್ಲಿ ಎಷ್ಟು ಮತ ಸಾಕ್ಷ್ಯಕ್ಕೆ ಬಿದ್ದವು, ಎಷ್ಟು ಪಕ್ಕದವನ ಕೈಗೆ ಬಿದ್ದವು ಎಂಬುದನ್ನು ಯಾವ ಲೆಕ್ಕವೂ ಹೇಳುವುದಿಲ್ಲ.

ನನ್ನನ್ನು ಮತ್ತೆಮತ್ತೆ ಕಾಡುವ ಘಳಿಗೆ ಇದಾದ ಸ್ವಲ್ಪ ಹೊತ್ತಿಗೆ ಬರುತ್ತದೆ. ಕೊಳೆಗೇರಿಗಳೆಂದರೆ ಅಪರಾಧಿಗಳು ಹುಟ್ಟುವ ಜಾಗ, ಅಲ್ಲಿ ಬೆಳೆದ ಮಕ್ಕಳು ಸಮಾಜಕ್ಕೆ ಅಪಾಯ ಎಂದು ಒಬ್ಬ ಹೇಳುತ್ತಾನೆ. ಹೇಳುವವನು ಕಿರುಚಾಡುವ ಹತ್ತನೆಯವನಲ್ಲ, ಈ ನಾಲ್ಕನೆಯವನೇ. ದನಿ ಏರುವುದಿಲ್ಲ, ಮುಖ ಕೆಡುವುದಿಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ನೆನಪಿಸುವವನಂತೆ ಹೇಳಿ ಮುಗಿಸುತ್ತಾನೆ. ಹತ್ತನೆಯವನು ಕೂಡಲೇ ದನಿಗೂಡಿಸುತ್ತಾನೆ. ಆಗ ಪಕ್ಕದ ಕುರ್ಚಿಯ ಐದನೆಯವನು ತಾನು ಹುಟ್ಟಿ ಬೆಳೆದದ್ದು ಕೊಳೆಗೇರಿಯಲ್ಲೇ ಎಂದು ಬಾಯಿಬಿಡಬೇಕಾಗುತ್ತದೆ. ಜ್ಯಾಕ್ ಕ್ಲಗ್‌ಮನ್ ಈ ಮಾತನ್ನು ಆಡುವಾಗ ಕೋಪ ಮತ್ತು ನಾಚಿಕೆ ಒಂದರ ಕಾಲಿಗೆ ಇನ್ನೊಂದು ತೊಡರುತ್ತವೆ. ಯಾರೋ ಸಮಾಧಾನ ಹೇಳುತ್ತಾರೆ, ಚರ್ಚೆ ಮುಂದೆ ಹೋಗುತ್ತದೆ. ಆ ಮೊದಲ ಮಾತು ಆಡಿದ ನಾಲ್ಕನೆಯವನನ್ನು ಚಿತ್ರ ಮತ್ತೆ ಕೇಳುವುದೇ ಇಲ್ಲ.

ಕೊನೆಯ ಭಾಗದಲ್ಲಿ ಹತ್ತನೆಯವನ ಒಳಗಿನದೆಲ್ಲ ಹೊರಬರುತ್ತದೆ. ‘ಅವರು’ ಹುಟ್ಟಿನಿಂದಲೇ ಸುಳ್ಳರು, ಕುಡುಕರು, ಅವರಿಗೆ ಜೀವದ ಬೆಲೆ ಗೊತ್ತಿಲ್ಲ ಎಂದು ಅವನು ಅರಚುತ್ತಿರುವಂತೆ ಒಬ್ಬೊಬ್ಬರೇ ಮೇಜಿನಿಂದ ಎದ್ದು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ವಾದ ಮಾಡದೆ, ಕೈ ಮಾಡದೆ ಒಂದು ಗುಂಪು ತನ್ನೊಳಗಿನ ದ್ವೇಷವನ್ನು ಹೊರಗಿಡುವ ಈ ದೃಶ್ಯಕ್ಕೆ ಸಾಟಿಯಾದದ್ದನ್ನು ಸಿನಿಮಾದಲ್ಲಿ ನಾನು ಹೆಚ್ಚು ಕಂಡಿಲ್ಲ. ಆದರೆ ಕಟ್ಟಕಡೆಗೆ, ಕೂತುಕೋ, ಇನ್ನು ಬಾಯಿ ತೆರೆಯಬೇಡ ಎಂದು ಅವನ ಬಾಯಿ ಮುಚ್ಚಿಸುವವನು ಯಾರು? ನಾಲ್ಕನೆಯವನು. ಮೊದಲು ಇದೇ ವಿಚಾರವನ್ನು ಮೃದುವಾಗಿ ಮೇಜಿನ ಮೇಲಿಟ್ಟವನು ಈಗ ಅದರ ಒರಟು ರೂಪಕ್ಕೆ ತೀರ್ಪು ಕೊಡುತ್ತಾನೆ. ಚಿತ್ರ ಅವನಿಗೆ ಆ ಗೌರವವನ್ನು ಕೊಟ್ಟು ಸುಮ್ಮನಾಗುತ್ತದೆ. ನನ್ನ ತಕರಾರು ಇಲ್ಲಿದೆ. ಕೂಗುವ ಪೂರ್ವಗ್ರಹವನ್ನು ಹಿಡಿದು ನಿಲ್ಲಿಸಿದ ಚಿತ್ರ ಸಭ್ಯ ಪೂರ್ವಗ್ರಹವನ್ನು ಬಾಗಿಲಿನವರೆಗೂ ಕಳಿಸಿಕೊಟ್ಟಿದೆ.

ನಾಲ್ಕನೆಯವನು ಸೋಲುವುದು ಸಾಕ್ಷ್ಯದ ಮುಂದೆ. ಕೊಲೆಯ ಹೊತ್ತಿನಲ್ಲಿ ಸಿನಿಮಾದಲ್ಲಿದ್ದೆ ಎಂದ ಹುಡುಗನಿಗೆ ಆ ಸಿನಿಮಾಗಳ ಹೆಸರೇ ನೆನಪಿರಲಿಲ್ಲ, ಹಾಗಾಗಿ ಅದು ಸುಳ್ಳು ಎಂದು ಅವನ ವಾದ. ಕೆಲವು ದಿನಗಳ ಹಿಂದೆ ನೀವು ನೋಡಿದ ಸಿನಿಮಾ ಯಾವುದು ಎಂದು ಫೋಂಡಾ ಕೇಳುತ್ತಾ ಹೋದಂತೆ ಒಂದು ಹೆಸರು ತಪ್ಪುತ್ತದೆ, ನಟರ ಹೆಸರು ಹೊಳೆಯುವುದಿಲ್ಲ. ಆ ಸುಡುಬೇಸಗೆಯಲ್ಲೂ ತಾನು ಬೆವರುವವನಲ್ಲ ಎಂದಿದ್ದವನ ಹಣೆಯ ಮೇಲೆ ಬೆವರು ಮೂಡುತ್ತದೆ. ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್ ಅದನ್ನು ಸಮೀಪದಿಂದ ಹಿಡಿದಿದ್ದಾರೆ. ಚಿತ್ರ ಮುಂದುವರಿದಂತೆ ಲ್ಯೂಮೆಟ್ ಮಸೂರಗಳನ್ನು ಬದಲಿಸುತ್ತಾ, ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ ಕೆಳಕ್ಕೆ ಇಳಿಸುತ್ತಾ ಬಂದರು. ಗೋಡೆಗಳು ಹತ್ತಿರವಾದಂತೆ, ಸೂರು ತಲೆಯ ಮೇಲೆ ಇಳಿದಂತೆ ಅನಿಸುವುದು ಅದರಿಂದ. ತೊಂಬತ್ತಾರು ನಿಮಿಷದಲ್ಲಿ ಸುಮಾರು ಮೂರು ನಿಮಿಷ ಬಿಟ್ಟರೆ ಉಳಿದದ್ದೆಲ್ಲ ಆ ಜ್ಯೂರಿ ಕೋಣೆ ಮತ್ತು ಅದಕ್ಕೆ ಅಂಟಿದ ಶೌಚಾಲಯ ಮಾತ್ರ. ಇದು ಲ್ಯೂಮೆಟ್‌ರ ಮೊದಲ ಸಿನಿಮಾ ಎಂದರೆ ನಂಬುವುದು ಕಷ್ಟ.

ಗುಂಪು ಹೇಗೆ ಮನಸ್ಸು ಬದಲಿಸುತ್ತದೆ ಎಂಬ ವಿಷಯದಲ್ಲಿ ಚಿತ್ರ ಅರ್ಧ ನಿಜ, ಅರ್ಧ ಆಸೆ. ಫೋಂಡಾ ಒಂದು ಗುಟ್ಟಿನ ಮತದಾನ ಕೇಳುತ್ತಾನೆ. ಹನ್ನೊಂದೂ ಚೀಟಿ ‘ಅಪರಾಧಿ’ ಎಂದಿದ್ದರೆ ತಾನೂ ಒಪ್ಪುವುದಾಗಿ ಹೇಳುತ್ತಾನೆ. ಒಂದು ಚೀಟಿ ಬೇರೆ ಬರುತ್ತದೆ, ಒಂಬತ್ತನೆಯ ಹಿರಿಯನದು. ಒಂಟಿ ಮನುಷ್ಯನಿಗೆ ಒಬ್ಬ ಜೊತೆಗಾರ ಸಿಕ್ಕರೆ ಗುಂಪಿನ ಒತ್ತಡ ಎಷ್ಟು ಇಳಿಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ತಮ್ಮ ಪ್ರಯೋಗಗಳಲ್ಲಿ ತೋರಿಸಿದ್ದರು. ಅಷ್ಟು ನಿಜ. ಆದರೆ ಹ್ಯಾರಿ ಕಾಲ್ವೆನ್ ಮತ್ತು ಹಾನ್ಸ್ ಝೈಸಲ್ ಅಮೆರಿಕದ ಜ್ಯೂರಿಗಳನ್ನು ಅಧ್ಯಯನ ಮಾಡಿ 1966ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಹತ್ತರಲ್ಲಿ ಸುಮಾರು ಒಂಬತ್ತು ಸಲ ಮೊದಲ ಮತದಾನದ ಬಹುಮತವೇ ಕೊನೆಯ ತೀರ್ಪು. ಒಬ್ಬ ಹನ್ನೊಂದು ಜನರನ್ನು ಗೆಲ್ಲುವುದು ಬಲು ಅಪರೂಪ. ಏಳನೆಯವನ ಪಾತ್ರದಲ್ಲಿ ಚಿತ್ರ ಈ ವಾಸ್ತವಕ್ಕೆ ಹತ್ತಿರವಾಗುತ್ತದೆ. ಬೇಸ್‌ಬಾಲ್ ಟಿಕೆಟ್ ಜೇಬಿನಲ್ಲಿಟ್ಟುಕೊಂಡ ಅವನು ಬೇಗ ಮುಗಿಯಲಿ ಎಂದು ಮತ ಬದಲಿಸಿದಾಗ, ವಲಸೆ ಬಂದ ಗಡಿಯಾರ ತಯಾರಕ ಅವನನ್ನು ಬಿಡದೆ ತರಾಟೆಗೆ ತೆಗೆದುಕೊಳ್ಳುತ್ತಾನೆ. ಬಿಡುಗಡೆಯ ಪರ ಬಿದ್ದ ಮತವೂ ಪ್ರಾಮಾಣಿಕವಾಗಿರಬೇಕು ಎಂಬ ಈ ಹಠ ಚಿತ್ರದ ಅತ್ಯಂತ ಗಟ್ಟಿ ವಿಚಾರ.

ಕಾನೂನಿನ ಪ್ರಕಾರ ಫೋಂಡಾ ಮಾಡಿದ್ದೂ ತಪ್ಪೇ. ಹೊರಗೆ ಹೋಗಿ ಅಂಥದೇ ಚಾಕು ಕೊಂಡು ತಂದು ಮೇಜಿಗೆ ನೆಡುವುದು ಜ್ಯೂರಿ ಸದಸ್ಯ ಮಾಡುವ ಕೆಲಸವಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಆ ಮೇಜಿನ ಸುತ್ತ ಒಬ್ಬ ಹೆಣ್ಣಿಲ್ಲ, ಒಬ್ಬ ಕರಿಯನಿಲ್ಲ. ಚಿತ್ರ ಬರುವ ಎರಡು ವರ್ಷ ಮೊದಲು, 1955ರಲ್ಲಿ, ಮಿಸಿಸಿಪಿಯಲ್ಲಿ ಹನ್ನೆರಡು ಬಿಳಿಯ ಗಂಡಸರ ಇಂಥದೇ ಜ್ಯೂರಿ, ಹದಿನಾಲ್ಕು ವರ್ಷದ ಎಮೆಟ್ ಟಿಲ್‌ನನ್ನು ಕೊಂದ ಆರೋಪಿಗಳನ್ನು ಒಂದು ಗಂಟೆಯ ಆಸುಪಾಸಿನಲ್ಲಿ ಬಿಡುಗಡೆ ಮಾಡಿತ್ತು. ಅಲ್ಲಿ ಭಿನ್ನಮತ ಉಳಿಯಲಿಲ್ಲ. ಪೂರ್ವಗ್ರಹ ಎಲ್ಲರದೂ ಒಂದೇ ಆದಾಗ ಕೋಣೆಯಲ್ಲಿ ಜಗಳವೇ ಹುಟ್ಟುವುದಿಲ್ಲ.

ಆದ್ದರಿಂದಲೇ ಫೋಂಡಾಗಿಂತ ಒಮ್ಮತದ ನಿಯಮವೇ ಈ ಚಿತ್ರದ ನಿಜವಾದ ನಾಯಕ ಎನ್ನುತ್ತೇನೆ. ಆ ನಿಯಮ ಇಲ್ಲದಿದ್ದರೆ ಹನ್ನೊಂದು ಕೈ ಎದ್ದ ಕ್ಷಣಕ್ಕೆ ಕತೆ ಮುಗಿಯುತ್ತಿತ್ತು. ಲೂಯಿಸಿಯಾನಾ 1898ರ ತನ್ನ ಸಂವಿಧಾನದಲ್ಲಿ ಒಮ್ಮತವಿಲ್ಲದೆಯೂ ಶಿಕ್ಷೆ ಕೊಡಬಹುದೆಂದು ಬರೆದುಕೊಂಡಿತು. ಜ್ಯೂರಿಗೆ ಬರುವ ಒಬ್ಬಿಬ್ಬರು ಕರಿಯರ ಮತ ಲೆಕ್ಕಕ್ಕೆ ಬಾರದಿರಲಿ ಎಂಬುದೇ ಅದರ ಉದ್ದೇಶ. ಹತ್ತು–ಎರಡು ಮತದಿಂದ ಕೊಲೆಯ ಅಪರಾಧಿಯಾದ ಎವಾಂಜೆಲಿಸ್ಟೊ ರಾಮೋಸ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಶಿಕ್ಷೆಯನ್ನು ತಳ್ಳಿಹಾಕಲು 2020 ಬರಬೇಕಾಯಿತು.

ನಮ್ಮಲ್ಲಿ ಜ್ಯೂರಿ ಹೋಗಿ ದಶಕಗಳಾದವು. 1959ರಲ್ಲಿ ಬೊಂಬಾಯಿಯ ಜ್ಯೂರಿ ನೌಕಾಪಡೆಯ ಅಧಿಕಾರಿ ಕೆ. ಎಂ. ನಾನಾವತಿಯನ್ನು ಕೊಲೆ ಮೊಕದ್ದಮೆಯಲ್ಲಿ ಎಂಟು–ಒಂದು ಮತದಿಂದ ನಿರಪರಾಧಿ ಎಂದಿತು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟ್ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜನರ ಮೆಚ್ಚುಗೆ, ಪತ್ರಿಕೆಯ ಪ್ರಚಾರ ಎರಡೂ ಆ ಸಮವಸ್ತ್ರದ ಗಂಡಸಿನ ಕಡೆಗಿದ್ದವು. ಮರ್ಯಾದಸ್ಥನ ಪರವಾಗಿ ಹುಟ್ಟುವ ಒಲವು ಕೊಳೆಗೇರಿಯವನ ಮೇಲಿನ ಅನುಮಾನದ ಮತ್ತೊಂದು ಮಗ್ಗುಲು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗ ಉಳಿಯಲಿಲ್ಲ. ಆದರೂ ಬಾಸು ಚಟರ್ಜಿ 1986ರಲ್ಲಿ ಇದೇ ಕತೆಯನ್ನು ‘ಏಕ್ ರುಕಾ ಹುವಾ ಫೈಸಲಾ’ ಎಂದು ಮಾಡಿದರು, 2012ರಲ್ಲಿ ರವಿಚಂದ್ರನ್, ಅನಂತನಾಗ್ ನಟಿಸಿದ ‘ದಶಮುಖ’ವೂ ಇದೇ ಕತೆಯಿಂದ ಬಂತು. ಜ್ಯೂರಿ ಇಲ್ಲದ ದೇಶದಲ್ಲೂ ಈ ಮೇಜು ನಮಗೆ ಬೇಕೆನಿಸಿದ್ದು ಸಹಜವೇ. ಜಾತಿ ಕೇಳದೆ ಮನೆ ಬಾಡಿಗೆಗೆ ಕೊಡದವರು, ಕೇರಿಯ ಹೆಸರು ಕೇಳಿಯೇ ಕಳ್ಳನನ್ನು ಗುರುತಿಸುವವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಹೆಚ್ಚಿನವರು ಅರಚುವವರಲ್ಲ.

ನಮ್ಮ ನ್ಯಾಯಾಧೀಶರು ತೀರ್ಪಿಗೆ ಕಾರಣ ಬರೆಯಲೇಬೇಕು, ಆ ಕಾರಣವನ್ನು ಮೇಲಿನ ನ್ಯಾಯಾಲಯ ಪರೀಕ್ಷಿಸಬಹುದು. ಜ್ಯೂರಿ ಕಾರಣ ಹೇಳುವುದಿಲ್ಲ. ನಾಲ್ಕನೆಯವನು ಕೊಳೆಗೇರಿಯ ಮಕ್ಕಳ ಬಗ್ಗೆ ಆಡಿದ ಮಾತು ಯಾವ ಕಡತಕ್ಕೂ ಏರದು.

ಕನ್ನಡದಲ್ಲಿ ಈ ನಾಟಕವನ್ನು ಆಡುವ ತಂಡಗಳಿಗೆ ನನ್ನದೊಂದು ಕೋರಿಕೆ. ನಾಲ್ಕನೆಯವನನ್ನು ಬರೀ ಗಂಭೀರ, ತರ್ಕಬದ್ಧ ಮನುಷ್ಯನಾಗಿ ಆಡಿಸಿ ಕೈತೊಳೆದುಕೊಳ್ಳಬೇಡಿ. ಅವನು ಹತ್ತನೆಯವನ ಬಾಯಿ ಮುಚ್ಚಿಸುವಾಗ ಐದನೆಯವನು ಹತ್ತನೆಯವನನ್ನು ಬಿಟ್ಟು ಇವನನ್ನೇ ನೋಡಲಿ. ಅದಕ್ಕೆ ಒಂದು ಸಂಭಾಷಣೆಯನ್ನೂ ಬದಲಿಸಬೇಕಾಗಿಲ್ಲ.